ಸ್ಪ್ಯಾನರ್ ಹಿಡಿದು ಹೊರಡಿ

1990ರಲ್ಲಿ ಬ್ರಿಟನ್ನಿನಿಂದ ಲಾರಿಗಳ ಸಾಲೊಂದು ರುಮೇನಿಯಾದ ಉತ್ತರ ತುದಿಯ ಸಿರೆತ್ ಎಂಬ ಪಟ್ಟಣಕ್ಕೆ ಹೊರಟಿತು. ಗಡಿಯಾಚೆ ಆಗಿನ ಸೋವಿಯತ್ ಒಕ್ಕೂಟ, ಈಗಿನ ಉಕ್ರೇನ್. ಬಿಬಿಸಿಯ ನಿರೂಪಕಿ ಆನೆಕಾ ರೈಸ್ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಕೊಟ್ಟ ಕರೆಗೆ ಓಗೊಟ್ಟು ಬಂದವರಲ್ಲಿ ಪ್ಲಂಬರ್‌ಗಳಿದ್ದರು, ಎಲೆಕ್ಟ್ರೀಷಿಯನ್‌ಗಳಿದ್ದರು, ಬಡಗಿಗಳಿದ್ದರು, ಬಣ್ಣ ಬಳಿಯುವವರಿದ್ದರು. ಅಲ್ಲಿನ ಭಾಷೆ ಅವರಿಗೆ ಬರುತ್ತಿರಲಿಲ್ಲ. ಮಕ್ಕಳು ತುಂಬಿದ್ದ ಒಂದು ಆಶ್ರಯಧಾಮವನ್ನು ಮನುಷ್ಯರು ಬದುಕಬಹುದಾದ ಜಾಗವನ್ನಾಗಿ ಮಾಡಬೇಕು ಎಂಬುದಷ್ಟೇ ಅವರಿಗೆ ಗೊತ್ತಿತ್ತು.

ಅಷ್ಟೊಂದು ಮಕ್ಕಳು ಅಲ್ಲಿಗೆ ಬಂದು ಬಿದ್ದದ್ದು ಹೇಗೆ? ಅದರ ಹಿಂದೆ ಒಂದು ಸರ್ಕಾರಿ ಆದೇಶವಿತ್ತು. 1966ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ದೇಶದ ಜನಸಂಖ್ಯೆ ಹೆಚ್ಚಿಸಲು ಹೊರಟು ಗರ್ಭಪಾತವನ್ನು ನಿಷೇಧಿಸಿದ. ಗರ್ಭನಿರೋಧಕಗಳೂ ಜನರ ಕೈಗೆ ಸಿಗದಂತಾದವು. ಸಾಕಲಾಗದ ತಾಯಂದಿರು ಹೆತ್ತ ಮಕ್ಕಳನ್ನು ಸರ್ಕಾರದ ಕಟ್ಟಡಗಳಿಗೆ ಒಪ್ಪಿಸುತ್ತ ಹೋದರು. 1989ರ ಡಿಸೆಂಬರ್‌ನಲ್ಲಿ ಅವನ ಆಡಳಿತ ಕುಸಿದಾಗ ಅಂಥ ಕಟ್ಟಡಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಪತ್ರಕರ್ತರು ಒಳಹೊಕ್ಕು ತಂದ ಚಿತ್ರಗಳಲ್ಲಿ ಜಗತ್ತು ಕಂಡದ್ದು ಕಬ್ಬಿಣದ ತೊಟ್ಟಿಲುಗಳ ಸಾಲು, ಚಳಿಗೆ ಕಾಯಿಸದ ಕೋಣೆಗಳು, ತಮ್ಮಷ್ಟಕ್ಕೆ ತಾವೇ ಹಿಂದೆ ಮುಂದೆ ತೂಗಾಡುತ್ತ ಕೂತ ಕಂದಮ್ಮಗಳು. ಅವರಲ್ಲಿ ಹೆಚ್ಚಿನವರಿಗೆ ತಂದೆ ತಾಯಿ ಇದ್ದರು. ಬಡತನ ಮತ್ತು ಆಳುವವರ ಹಟ ಸೇರಿ ಅನಾಥರನ್ನಾಗಿ ಮಾಡಿದ ಮಕ್ಕಳು ಅವರು.

ಆ ಚಿತ್ರ ನೋಡಿ ಕಣ್ಣೀರಿಟ್ಟವರು ಕೋಟಿ ಜನ. ಹೊದಿಕೆ ಕಳಿಸಿದರು, ಆಟಿಕೆ ಕಳಿಸಿದರು, ಹಣ ಕಳಿಸಿದರು. ಅದೆಲ್ಲ ಬೇಕಿತ್ತು. ಆದರೆ ಕಟ್ಟಿಕೊಂಡ ಪಾಯಿಖಾನೆಯ ಮುಂದೆ, ನೀರು ಬಾರದ ನಲ್ಲಿಯ ಮುಂದೆ ನಿಂತಾಗ ಕೆಲಸಕ್ಕೆ ಬರುವವನು ಪೈಪು ಬಿಚ್ಚಿ ಕೂರಿಸಬಲ್ಲವನು. ಮಲಿನ ನೀರು ಹೊರಕ್ಕೆ, ಬಿಸಿನೀರು ಒಳಕ್ಕೆ, ಕೋಣೆಗೆ ಶಾಖ, ಕಿಟಕಿಗೆ ಗಾಜು. ಇವು ಆಗುವ ತನಕ ದಾದಿಯಾಗಲಿ ವೈದ್ಯರಾಗಲಿ ಶಿಕ್ಷಕರಾಗಲಿ ಆ ಮಗುವಿಗಾಗಿ ಮಾಡಬಹುದಾದದ್ದು ಬಹಳ ಕಡಿಮೆ. ಕೊಳಕು ನೀರು ಕುಡಿದು ವಾರಕ್ಕೊಮ್ಮೆ ಭೇದಿ ಹಿಡಿಯುವ ಮಗುವಿಗೆ ಅಕ್ಷರ ಕಲಿಸುವುದು ಹೇಗೆ?

ಕನ್ನಡದ ಹುಡುಗ ಹುಡುಗಿಯರೇ, ಈ ಮಾತನ್ನು ನಿಮಗೇ ಹೇಳಬೇಕೆಂದು ಬರೆಯುತ್ತಿದ್ದೇನೆ. ನೀವೀಗ ಎಲ್ಲೆಲ್ಲೋ ಇದ್ದೀರಿ. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದೀರಿ, ದುಬೈ ದೋಹಾಗಳಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೀರಿ, ಐರ್ಲೆಂಡಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೀರಿ, ಕೀನ್ಯಾದಲ್ಲಿ ಕಂಪನಿ ನಡೆಸುತ್ತಿದ್ದೀರಿ. ಊರಲ್ಲಿ ಉಳಿದವರು ಐಟಿಐನಲ್ಲಿ ಫಿಟ್ಟರ್, ವೈರ್‌ಮನ್, ವೆಲ್ಡರ್ ಟ್ರೇಡ್ ಮುಗಿಸಿ ಮುಂದೇನು ಎಂದು ಯೋಚಿಸುತ್ತಿದ್ದೀರಿ. ನೀವಿರುವ ಊರಿನ ಸುತ್ತಲೇ ಹೆತ್ತವರಿಂದ ದೂರವಾದ ಮಕ್ಕಳ ಮನೆಯೊಂದು ಇರಬಹುದು. ಜಗತ್ತಿನಲ್ಲಿ ಇಂಥ ಸಂಸ್ಥೆಗಳಲ್ಲಿರುವ ಮಕ್ಕಳ ಸಂಖ್ಯೆ ಸುಮಾರು 54 ಲಕ್ಷ ಎಂದು ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಎಷ್ಟೋ ಕಡೆ ಇಂದು ಕೂಡ ನಲ್ಲಿ ಸೋರುತ್ತಿದೆ, ಮಂಚದ ಬೋಲ್ಟು ಸಡಿಲಾಗಿದೆ, ಸ್ವಿಚ್‌ಬೋರ್ಡಿನ ತಂತಿ ಹೊರಗೆ ಜೋತುಬಿದ್ದಿದೆ.

ಹೋಗಿ. ಆದರೆ ಕೈಯಲ್ಲಿ ಕಸುಬು ಹಿಡಿದು ಹೋಗಿ. ಬರೀ ಒಳ್ಳೆಯ ಮನಸ್ಸೊಂದನ್ನೇ ನಂಬಿಕೊಂಡು ವಿಮಾನ ಹತ್ತಬೇಡಿ.

ಕೈಕೆಲಸವನ್ನು ಕೀಳೆಂದು ಕಾಣುವ ಕೆಟ್ಟ ಚಾಳಿ ನಮ್ಮಲ್ಲಿ ಬೇರೂರಿದೆ. ಅಂಕ ಬಂದವನು ಎಂಜಿನಿಯರಿಂಗ್‌ಗೆ, ಬಾರದವನು ಐಟಿಐಗೆ ಎಂದು ಮನೆಯಲ್ಲೇ ತೀರ್ಮಾನವಾಗುತ್ತದೆ. ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ಬಟ್ಟೆ ಒಗೆದ ಮಡಿವಾಳ ಮಾಚಯ್ಯನನ್ನೂ ಶರಣರೆಂದು ಕೈಮುಗಿಯುವ ನಾಡಿನಲ್ಲಿ ಮನೆಗೆ ಬಂದ ಪ್ಲಂಬರ್‌ಗೆ ಕುರ್ಚಿ ಹಾಕುವುದಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ. ಎಂಜಿನಿಯರಿಂಗ್ ಪದವಿ ಮುಗಿಸಿಯೂ ಫ್ಯೂಸ್ ಹಾಕಲು ಬಾರದ ಗೆಳೆಯರು ನಿಮ್ಮಲ್ಲೂ ಇದ್ದಾರಲ್ಲವೇ? ಅವರನ್ನೂ ಎಳೆದು ತನ್ನಿ. ಆರು ತಿಂಗಳ ಭಾನುವಾರಗಳನ್ನು ನಿಮ್ಮ ಬೀದಿಯ ಪ್ಲಂಬರ್ ಅಣ್ಣನ ಹಿಂದೆ ಸುತ್ತಲು ಕೊಡಿ. ಪೈಪ್ ರೆಂಚ್ ಹಿಡಿಯುವುದು, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಯಾವ ದಿಕ್ಕಿಗೆ ಸುತ್ತುವುದು, ಬಾಗಿಲಿಗೆ ಹಿಂಜಸ್ ಕೂರಿಸುವುದು ಕಲಿಯಿರಿ.

ನೂರು ವರ್ಷದ ಹಿಂದೆ ಈ ದಾರಿಯಲ್ಲಿ ನಡೆದ ಒಬ್ಬನ ಕಥೆ ಹೇಳುತ್ತೇನೆ. ಪಿಯೇರ್ ಸೆರೆಸೋಲ್ ಸ್ವಿಟ್ಜರ್ಲೆಂಡಿನವನು. ಅವನ ತಂದೆ 1873ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದರು. ಮಗ ಎಂಜಿನಿಯರ್. ಬೇಕೆಂದಿದ್ದರೆ ಆರಾಮಾಗಿ ಕುರ್ಚಿಯಲ್ಲಿ ಕೂರಬಹುದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ಚಳಿಗಾಲದಲ್ಲಿ, ಫ್ರಾನ್ಸಿನ ವೆರ್ದೂನ್ ಯುದ್ಧಭೂಮಿಯ ಪಕ್ಕದ ಎಸ್ನ್ ಎಂಬ ನೆಲಸಮವಾದ ಹಳ್ಳಿಗೆ ಅವನು ಸಣ್ಣದೊಂದು ತಂಡ ಕಟ್ಟಿಕೊಂಡು ಹೋದ. ಆ ತಂಡದಲ್ಲಿ ಜರ್ಮನರೂ ಇದ್ದರು. ತಮ್ಮ ದೇಶದ ಸೈನ್ಯ ಕೆಡವಿದ ಹಳ್ಳಿಯಲ್ಲಿ ಅವರು ಮರದ ಮನೆಗಳನ್ನು ಎಬ್ಬಿಸಿದರು, ರಸ್ತೆ ಸರಿಮಾಡಿದರು, ಗುಂಡಿಬಿದ್ದ ಹೊಲವನ್ನು ಸಮ ಮಾಡಿದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸ್ವಯಂಸೇವಕರ ಚಳವಳಿ ಹುಟ್ಟಿದ್ದು ಹೀಗೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಇದೇ ಸೆರೆಸೋಲ್ ನಮ್ಮ ದೇಶಕ್ಕೂ ಬಂದು ಹಳ್ಳಿಗಳ ಮರುನಿರ್ಮಾಣಕ್ಕೆ ಮೈಬಗ್ಗಿಸಿದ. ಅಧ್ಯಕ್ಷರ ಮಗ ಸನಿಕೆ ಹಿಡಿಯಬಹುದಾದರೆ ನಮ್ಮ ನಿಮ್ಮ ಕೈಗೆ ಏನು ಧಾಡಿ?

ಸ್ವಿಟ್ಜರ್ಲೆಂಡಿನಲ್ಲೇ ಇನ್ನೊಂದು ಊರಿದೆ, ಟ್ರೋಗೆನ್. 1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ವಾಲ್ಟರ್ ರಾಬರ್ಟ್ ಕೋರ್ತಿ ಎಂಬ ಬರಹಗಾರ ಯುದ್ಧದಲ್ಲಿ ತಬ್ಬಲಿಯಾದ ಮಕ್ಕಳಿಗೆ ಒಂದು ಊರನ್ನೇ ಕಟ್ಟೋಣ ಎಂದು ಪತ್ರಿಕೆಯೊಂದರಲ್ಲಿ ಬರೆದ. 1946ರಲ್ಲಿ ಬೆಟ್ಟದ ಇಳಿಜಾರಿನಲ್ಲಿ ಪೆಸ್ತಾಲೋಟ್ಸಿ ಮಕ್ಕಳ ಗ್ರಾಮದ ಅಡಿಪಾಯ ಬಿತ್ತು. ಹಲವು ದೇಶದ ಸ್ವಯಂಸೇವಕರು ಬಂದು ಮಣ್ಣು ಹೊತ್ತು ಮನೆ ಕಟ್ಟಿದರು. 1960ರಲ್ಲಿ ಆ ಮನೆಗಳಿಗೆ ಟಿಬೆಟಿನ ಮಕ್ಕಳು ಬಂದರು. ಅದೇ ಹೊತ್ತಿಗೆ ಅವರ ನಾಡಿನ ಹಿರಿಯರು ನಮ್ಮ ಬೈಲಕುಪ್ಪೆಯಲ್ಲಿ ಕಾಡು ಕಡಿದು ಹೊಸ ಬದುಕು ಕಟ್ಟಲು ಹೊರಟಿದ್ದರು.

ಈಗ ಕೆಲಸದ ಮಾತಿಗೆ ಬರೋಣ. ಹೆಣ್ಣುಮಕ್ಕಳ ಮನೆಯೊಂದರಲ್ಲಿ ಸ್ನಾನದ ಮನೆಯ ಚಿಲಕ ಮುರಿದಿದೆ ಎನ್ನಿ. ಹದಿಮೂರು ವರ್ಷದ ಹುಡುಗಿ ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮೈಮೇಲೆ ನೀರು ಹೊಯ್ದುಕೊಳ್ಳುತ್ತಾಳೆ. ಇದನ್ನು ಅವಳು ಯಾರಿಗೂ ಹೇಳುವುದಿಲ್ಲ. ದಾನಿಗಳ ವರದಿಯಲ್ಲಿ ಇದು ಬರುವುದೂ ಇಲ್ಲ. ಒಂದು ಚಿಲಕ, ನಾಲ್ಕು ಸ್ಕ್ರೂ, ಅರ್ಧ ಗಂಟೆ. ಮರ ಸವೆದು ಸ್ಕ್ರೂ ಹಿಡಿಯದಿದ್ದರೆ ಹಳೆಯ ತೂತಿಗೆ ಗೋಂದು ಸವರಿದ ಮರದ ಕಡ್ಡಿ ಬಡಿದು, ಒಣಗಲು ಬಿಟ್ಟು, ಹೊಸದಾಗಿ ತೂತು ಕೊರೆಯಬೇಕು. ಚಿಕ್ಕ ಮಕ್ಕಳೂ ಬಳಸುವ ಜಾಗವಾದರೆ ತುರ್ತಿನಲ್ಲಿ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಲಾಕ್ ಹಾಕಿ. ಅಂದಿನಿಂದ ಆ ಹುಡುಗಿ ಎರಡೂ ಕೈಯಿಂದ ತಲೆ ತೊಳೆದುಕೊಳ್ಳುತ್ತಾಳೆ.

ಸೋರುವ ನಲ್ಲಿಯನ್ನೇ ನೋಡಿ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ನೀರು ಪೋಲು. ನೀರನ್ನು ಟ್ಯಾಂಕರ್‌ನಲ್ಲಿ ಕೊಳ್ಳುವ ಮನೆಗೆ ಅದು ಊಟದ ದುಡ್ಡು. ಮೊದಲು ಗೇಟ್ ವಾಲ್ವ್ ಮುಚ್ಚಿ, ಬಿಚ್ಚಿದ ಸ್ಕ್ರೂ ಒಳಗೆ ಜಾರದಂತೆ ಸಿಂಕಿನ ಬಾಯಿಗೆ ಬಟ್ಟೆ ತುರುಕಿ. ನಲ್ಲಿಯ ತಲೆ ಬಿಚ್ಚಿ ಸ್ಪಿಂಡಲ್ ಹೊರತೆಗೆದರೆ ತುದಿಯಲ್ಲಿ ಸವೆದು ಕಲ್ಲಾದ ರಬ್ಬರ್ ವಾಷರ್ ಸಿಗುತ್ತದೆ. ಅದನ್ನು ಬದಲಿಸಿ ಎದ್ದುಬಿಡಬೇಡಿ. ಬೆರಳನ್ನು ಒಳಗಿಟ್ಟು ಹಿತ್ತಾಳೆಯ ಸೀಟನ್ನು ಸುತ್ತ ಸವರಿ ನೋಡಿ. ಅಲ್ಲಿ ಗೀರು ಬಿದ್ದಿದ್ದರೆ ಹೊಸ ವಾಷರ್ ಕೂಡ ಬೇಗನೆ ಹರಿದು ಮತ್ತೆ ಸೋರುತ್ತದೆ. ಕೆಲಸ ಬಲ್ಲವನು ಆ ಗೀರನ್ನು ಬೆರಳಿನಲ್ಲೇ ಓದುತ್ತಾನೆ. ಇದನ್ನು ಯಾವ ವಿಡಿಯೋ ನೋಡಿಯೂ ಕಲಿಯಲಾಗದು, ಕೈ ಒದ್ದೆ ಮಾಡಿಕೊಂಡೇ ಕಲಿಯಬೇಕು.

ಪರದೇಶದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಮನೆಯ ವೈರಿಂಗ್‌ನಲ್ಲಿ ಕಪ್ಪು ತಂತಿ ನ್ಯೂಟ್ರಲ್. ಅಮೆರಿಕದ ಪದ್ಧತಿ ನಡೆಯುವ ದೇಶಗಳಲ್ಲಿ ಕಪ್ಪೇ ಫೇಸ್! ನಮ್ಮ ಮೂರು ಫೇಸ್‌ಗಳಲ್ಲಿ ನೀಲಿ ಒಂದು ಫೇಸ್, ಯುರೋಪಿನಲ್ಲಿ ನೀಲಿ ನ್ಯೂಟ್ರಲ್, ಕಂದು ಫೇಸ್. ಊರಿನ ಅಭ್ಯಾಸದ ಮೇಲೆ ಕೈ ಹಾಕಿದರೆ ಪ್ರಾಣ ಹೋದೀತು. ಆದ್ದರಿಂದ ಬಣ್ಣವನ್ನು ನಂಬದೆ ಪ್ರತಿ ತಂತಿಯನ್ನೂ ಮೀಟರ್ ಇಟ್ಟು ನೋಡಿ. ಎಷ್ಟೋ ದೇಶಗಳಲ್ಲಿ ಲೈಸೆನ್ಸ್ ಇಲ್ಲದವರು ವೈರಿಂಗ್ ಮುಟ್ಟುವುದೇ ಅಪರಾಧ. ಅಲ್ಲಿ ಸ್ಥಳೀಯ ಎಲೆಕ್ಟ್ರೀಷಿಯನ್‌ಗೆ ಸಹಾಯಕರಾಗಿ ನಿಲ್ಲಿ. ಪೈಪಿನಲ್ಲೂ ಹೀಗೆಯೇ. ನಮ್ಮಲ್ಲೂ ಬ್ರಿಟನ್ನಿನಲ್ಲೂ ನಡೆಯುವ ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಅಮೆರಿಕದ ಎನ್‌ಪಿಟಿ ಥ್ರೆಡ್‌ನದು 60 ಡಿಗ್ರಿ. ಅರ್ಧ ಇಂಚಿನ ಪೈಪಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು ಇರುವುದರಿಂದ ಒಂದಕ್ಕೊಂದು ಸೇರಿದಂತೆ ಕಾಣುತ್ತದೆ, ಎರಡು ಮೂರು ತಿರುವು ಹಿಡಿಯುತ್ತದೆ, ಆಮೇಲೆ ಸೋರಲು ಶುರು. ಊರಿಂದ ಫಿಟ್ಟಿಂಗ್ಸ್ ಹೊತ್ತುಕೊಂಡು ಹೋಗದೆ ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ನೀವು ವಾಪಸಾದ ಮೇಲೂ ಆ ಮನೆಯವರಿಗೆ ಅದೇ ಮಾಲು ಸಿಗುತ್ತದೆ, ಅಂಗಡಿಯವನ ವ್ಯಾಪಾರವೂ ಆಗುತ್ತದೆ.

ಬಿಸಿನೀರಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಿ. ದೊಡ್ಡ ಟ್ಯಾಂಕಿನಲ್ಲಿ ನೀರು 60 ಡಿಗ್ರಿಯ ಆಸುಪಾಸಿನಲ್ಲಿ ಇರದಿದ್ದರೆ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದೇ 60 ಡಿಗ್ರಿಯ ನೀರು ಮಗುವಿನ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಟ್ಟುಹೋಗುತ್ತದೆ. ಟ್ಯಾಂಕಿನ ಬಿಸಿ ಹಾಗೇ ಇರಬೇಕು, ನಲ್ಲಿಯ ಬಳಿ ತಣ್ಣೀರು ಬೆರೆಸಿ ಹದಮಾಡುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಇರಬೇಕು. ಗ್ಯಾಸ್ ಗೀಸರ್ ಇದ್ದರೆ ಮೊದಲು ಹೊಗೆ ಎಲ್ಲಿಗೆ ಹೋಗುತ್ತಿದೆ ನೋಡಿ. ಗಾಳಿಯಾಡದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಉರಿದು ಕಾರ್ಬನ್ ಮಾನಾಕ್ಸೈಡ್‌ನಿಂದ ಜೀವ ಹೋದ ಸುದ್ದಿಯನ್ನು ಬೆಂಗಳೂರಿನಲ್ಲೇ ಎಷ್ಟು ಸಲ ಓದಿಲ್ಲ ನಾವು? ಆ ಗೀಸರ್ ಅನ್ನು ಗೋಡೆಯಾಚೆಗೆ ಸಾಗಿಸಿ ಬಂದರೆ ನಿಮ್ಮ ಪ್ರಯಾಣದ ಖರ್ಚು ಅಲ್ಲಿಗೇ ಸಾರ್ಥಕ.

ಇಷ್ಟು ಹುರಿದುಂಬಿಸಿದ ಮೇಲೆ ಕಟುವಾದ ಮಾತೊಂದನ್ನು ಹೇಳಲೇಬೇಕು. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಮಕ್ಕಳ ಆಶ್ರಯಧಾಮಗಳ ಸಂಖ್ಯೆ ಶೇಕಡ 75ರಷ್ಟು ಏರಿತು. ಯುದ್ಧ ಮುಗಿದು ವರ್ಷಗಳೇ ಆಗಿದ್ದವು, ದೇಶ ಚೇತರಿಸಿಕೊಳ್ಳುತ್ತಿತ್ತು. ಆದರೂ ಅನಾಥಾಲಯಗಳು ಏಕೆ ಹೆಚ್ಚಿದವು? ಹೊರದೇಶದ ಪ್ರವಾಸಿಗರು ಬಂದು ಮಕ್ಕಳ ಜೊತೆ ಆಡಿ, ಫೋಟೊ ತೆಗೆಸಿಕೊಂಡು, ದುಡ್ಡು ಕೊಟ್ಟು ಹೋಗತೊಡಗಿದ್ದರು. ಆ ದುಡ್ಡಿಗಾಗಿ ಬಡವರ ಮನೆಗಳಿಂದ ಮಕ್ಕಳನ್ನು ಕರೆತಂದು ಕೂಡಿಹಾಕುವವರು ಹುಟ್ಟಿಕೊಂಡರು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಭಾಗಕ್ಕೆ ತಂದೆಯೋ ತಾಯಿಯೋ ಬದುಕಿದ್ದರು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನಾಥಾಲಯಗಳ ಸ್ವಯಂಸೇವೆಯ ಹೆಸರಿನಲ್ಲಿ ನಡೆಯುವ ಶೋಷಣೆಯನ್ನು ತಡೆಯಬೇಕೆಂದು ಗೊತ್ತುವಳಿ ಮಾಡಿತು. ನಮ್ಮ ಕರುಣೆಯೇ ಒಂದು ಮಗುವನ್ನು ತಾಯಿಯಿಂದ ಕೀಳಬಲ್ಲದು. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ತಳಮಳವಾಗುತ್ತದೆ.

ಆದಕಾರಣ ಮಕ್ಕಳನ್ನು ಮುದ್ದಾಡಲೆಂದು ಹೋಗಬೇಡಿ. ವಾರವಿಡೀ ಎತ್ತಿ ಆಡಿಸಿ, ಅಣ್ಣಾ ಅಕ್ಕಾ ಎಂದು ಹಚ್ಚಿಕೊಂಡ ಮೇಲೆ ನೀವು ವಿಮಾನ ಹತ್ತುತ್ತೀರಿ. ಒಮ್ಮೆ ತಾಯಿಯ ಮಡಿಲು ಕಳೆದುಕೊಂಡ ಮಗು ನಿಮ್ಮನ್ನೂ ಕಳೆದುಕೊಳ್ಳುತ್ತದೆ, ಮುಂದಿನ ತಂಡ ಬಂದಾಗ ಅವರನ್ನೂ ಕಳೆದುಕೊಳ್ಳುತ್ತದೆ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಕೆಲಸ ಮಾಡಿ. ಎದುರಾದರೆ ನಕ್ಕು ಮಾತಾಡಿಸಿ, ಕೆಲಸ ನೋಡಲು ಬಂದರೆ ತೋರಿಸಿ. ಆದರೆ ಅವರ ಎಣ್ಣೆ, ಬಾಚಣಿಗೆ, ಜೋಗುಳ ಅಲ್ಲೇ ಇರುವ ಆಯಾಗಳ ಪಾಲಿನದು. ಆ ಆಯಾಗೆ ಬೆಳಿಗ್ಗೆ ನೀರು ಹೊರುವ ಎರಡು ಗಂಟೆ ಉಳಿಸಿಕೊಟ್ಟರೆ ಆ ಎರಡು ಗಂಟೆ ಮಗುವಿಗೆ ಸಿಗುತ್ತದೆ. ರಿಪೇರಿಗೆ ಹೋದವರು ಮಗುವಿಗೆ ಕೊಡಬಹುದಾದ ಪ್ರೀತಿ ಇದು ಎಂದೇ ನಾನು ತಿಳಿದಿದ್ದೇನೆ. ಫೋಟೊ ಬೇಕೆನಿಸಿದರೆ ಸರಿಮಾಡಿದ ಫ್ಲಶ್ ಟ್ಯಾಂಕಿನದು ತೆಗೆಯಿರಿ, ಮುಂದೆ ಬರುವ ಪ್ಲಂಬರ್‌ಗಾದರೂ ಉಪಯೋಗವಾದೀತು.

ರುಮೇನಿಯಾ ಕಲಿಸಿದ ಪಾಠ ಇನ್ನೂ ಆಳಕ್ಕೆ ಹೋಗುತ್ತದೆ. 2000ನೇ ಇಸವಿಯಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಬುಕಾರೆಸ್ಟ್‌ನ ಆಶ್ರಯಧಾಮಗಳ 136 ಮಕ್ಕಳ ಅಧ್ಯಯನಕ್ಕೆ ಇಳಿದರು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಸೇರಿಸಿ ವರ್ಷಗಟ್ಟಲೆ ಗಮನಿಸಿದರು. ಸಂಸ್ಥೆಯಲ್ಲೇ ಉಳಿದವರಿಗಿಂತ ಮನೆ ಸೇರಿದವರ ಬುದ್ಧಿ ಬೆಳವಣಿಗೆ ಚೆನ್ನಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಅದು ಎದ್ದು ಕಂಡಿತು. 2004ರಲ್ಲಿ ರುಮೇನಿಯಾ ಕಾನೂನು ತಂದು, ತೀವ್ರ ಅಂಗವೈಕಲ್ಯದಂಥ ಸಂದರ್ಭ ಬಿಟ್ಟು, ಎರಡು ವರ್ಷದೊಳಗಿನ ಮಗುವನ್ನು ಸಂಸ್ಥೆಗೆ ಸೇರಿಸುವುದನ್ನೇ ನಿಷೇಧಿಸಿತು. ಎಂಥ ಬಣ್ಣ ಹೊಡೆದರೂ ಎಂಥ ಹೀಟರ್ ಹಾಕಿದರೂ ಕಟ್ಟಡವೊಂದು ಕುಟುಂಬವಾಗುವುದಿಲ್ಲ.

ಹಾಗಾದರೆ ರಿಪೇರಿ ಏಕೆ ಎಂದು ಕೇಳುತ್ತೀರಿ. ಮಗು ಇಂದು ರಾತ್ರಿ ಮಲಗುವುದು ಅಲ್ಲೇ, ಅದಕ್ಕೆ! ತಾಯಿಯ ಮನೆಗೋ ಚಿಕ್ಕಪ್ಪನ ಮನೆಗೋ ಸಾಕುಕುಟುಂಬಕ್ಕೋ ಅದನ್ನು ಸೇರಿಸಲು ತಿಂಗಳು ಹಿಡಿಯುತ್ತದೆ, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯ ತನಕ ಅದು ಚಳಿಯಲ್ಲಿ ನಡುಗಬೇಕಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮಕ್ಕಳನ್ನು ಮನೆಗೆ ಮರಳಿಸುತ್ತಿರುವ ಸಂಸ್ಥೆಗಳನ್ನೇ ಆರಿಸಿಕೊಳ್ಳಿ. ಮಗು ಮರಳಲಿರುವ ಮನೆಯ ಸೂರು ಸೋರುತ್ತಿದ್ದರೆ ನಿಮ್ಮ ಏಣಿಯನ್ನು ಅಲ್ಲಿಗೆ ಒಯ್ಯಿರಿ. ಸೋರುವ ಸೂರನ್ನು ನೋಡಿ ಅಧಿಕಾರಿಗಳು ಬೇಡವೆಂದಿದ್ದರೆ ನೀವು ಹೊದಿಸಿದ ನಾಲ್ಕು ಶೀಟು ಒಂದು ಮಗುವನ್ನು ತಾಯಿಯ ಪಕ್ಕದಲ್ಲಿ ಮಲಗಿಸುತ್ತದೆ. ಇದಕ್ಕಿಂತ ದೊಡ್ಡ ಕೆಲಸ ಬಡಗಿಗೆ ಇನ್ನಾವುದಿದೆ?

ಹದಿನೆಂಟು ತುಂಬಲಿರುವ ಹುಡುಗ ಹುಡುಗಿಯರು ಅಲ್ಲಿರುತ್ತಾರೆ. ಆ ಹುಟ್ಟುಹಬ್ಬ ಕಳೆದರೆ ಅನೇಕ ದೇಶಗಳಲ್ಲಿ ಅವರು ಆ ಮನೆ ಬಿಡಬೇಕು, ಬೆನ್ನಿಗೆ ಯಾರೂ ಇರುವುದಿಲ್ಲ. ಮೇಲ್ವಿಚಾರಕರ ಒಪ್ಪಿಗೆ ಪಡೆದು ಅಂಥವರನ್ನು ನಿಮ್ಮ ಜೊತೆ ಕೆಲಸಕ್ಕೆ ನಿಲ್ಲಿಸಿಕೊಳ್ಳಿ. ಸ್ಥಳೀಯ ಮೇಸ್ತ್ರಿಯೊಬ್ಬರಿಗೆ ಕೂಲಿ ಕೊಟ್ಟು ತಂಡದಲ್ಲಿ ಸೇರಿಸಿ, ಕಲಿಸುವ ಭಾರವನ್ನು ಅವರಿಗೇ ವಹಿಸಿ. ನೀವು ಹೊರಟ ಮೇಲೂ ಅವರು ಆ ಊರಲ್ಲೇ ಇರುತ್ತಾರೆ. ಹುಡುಗಿಯರಿಗೆ ಡ್ರಿಲ್ ಕೊಡಲು ಯಾರಾದರೂ ಹಿಂಜರಿದರೆ ನಿಮ್ಮ ತಂಡದ ಹುಡುಗಿಯೇ ಮೊದಲು ಗೋಡೆ ಕೊರೆದು ತೋರಿಸಲಿ. ಹೊರಡುವಾಗ ಪ್ರಮಾಣಪತ್ರದ ಬದಲು ಒಂದು ಪೆಟ್ಟಿಗೆ ಬಿಟ್ಟು ಬನ್ನಿ: ಆ ಮನೆಯ ನಲ್ಲಿಗಳ ಅಳತೆಯ ವಾಷರ್, ಟೇಪು, ಒಳ್ಳೆಯ ಸ್ಪ್ಯಾನರ್, ಟೆಸ್ಟರ್, ಯಾವ ವಾಲ್ವ್ ಎಲ್ಲಿದೆ ಎಂದು ಅವರ ಭಾಷೆಯಲ್ಲೇ ಬರೆದ ನಕ್ಷೆ.

ತಯಾರಿಗೆ ಸಮಯ ಹಿಡಿಯುತ್ತದೆ. ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವುದು ಹಲವು ದೇಶಗಳಲ್ಲಿ ಕಾನೂನುಬಾಹಿರ, ಹಾಗಾಗಿ ಮೊದಲೇ ವಿಚಾರಿಸಿ. ಪೊಲೀಸ್ ಕ್ಲಿಯರೆನ್ಸ್ ಪತ್ರ ಮಾಡಿಸಿಕೊಳ್ಳಿ. ಮಕ್ಕಳಿರುವ ಮನೆಗೆ ಯಾವ ಪತ್ರವನ್ನೂ ಕೇಳದೆ ನಿಮ್ಮನ್ನು ಬಿಟ್ಟುಕೊಳ್ಳುವ ಸಂಸ್ಥೆಯಾದರೆ ಅಲ್ಲಿಗೆ ಕಾಲಿಡಲೇಬೇಡಿ. ವಿದೇಶದಲ್ಲಿರುವವರು ನಿಮ್ಮ ಊರಿನ ಕನ್ನಡ ಸಂಘದಲ್ಲಿ ಮಾತೆತ್ತಿ. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟಬಲ್ಲ, ಮೈಕು ಜೋಡಿಸಬಲ್ಲ, ನೂರಾರು ಜನಕ್ಕೆ ಅಡುಗೆ ಮಾಡಬಲ್ಲ ತಂಡ ಅಲ್ಲಿ ಈಗಾಗಲೇ ಇದೆ. ವರ್ಷಕ್ಕೆ ನಾಲ್ಕು ಶನಿವಾರ ಅದೇ ತಂಡ ಹತ್ತಿರದ ಒಂದೇ ಮನೆಗೆ ಮತ್ತೆ ಮತ್ತೆ ಹೋಗಲಿ. ಹತ್ತು ದೇಶಕ್ಕೆ ಒಮ್ಮೊಮ್ಮೆ ಹೋಗುವುದಕ್ಕಿಂತ ಅದು ಮೇಲು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಊರಲ್ಲಿರುವವರು ಪಾಸ್‌ಪೋರ್ಟ್ ಬರುವ ತನಕ ಕಾಯಬೇಡಿ, ನಿಮ್ಮ ತಾಲ್ಲೂಕಿನ ಬಾಲಮಂದಿರದ ಅಥವಾ ಹಾಸ್ಟೆಲ್‌ನ ಅನುಮತಿ ಪಡೆದು ಅಲ್ಲಿ ಕೈ ಪಳಗಿಸಿ.

ಮೊದಲ ಪತ್ರದಲ್ಲಿ ನಿಮ್ಮ ಬಗ್ಗೆ ಎರಡೇ ಸಾಲು ಸಾಕು. ಉಳಿದದ್ದು ಪ್ರಶ್ನೆಗಳಿರಲಿ. ನಿಮ್ಮಲ್ಲಿ ಏನೇನು ಕೆಟ್ಟಿದೆ, ಈಗ ಯಾರು ಸರಿಮಾಡುತ್ತಾರೆ, ಅವರಿಗೆ ಯಾವುದು ಕಷ್ಟವಾಗುತ್ತಿದೆ, ಸಾಮಾನು ಯಾವ ಅಂಗಡಿಯಲ್ಲಿ ಸಿಗುತ್ತದೆ, ಈ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು ಎಂದು ಕೇಳಿ. ಉತ್ತರದ ಜೊತೆ ಫೋಟೊಗಳನ್ನು ತರಿಸಿಕೊಂಡು ನಿಮ್ಮ ಬೀದಿಯ ಪ್ಲಂಬರ್ ಅಣ್ಣನ ಮುಂದಿಡಿ, ಸಾಮಾನಿನ ಪಟ್ಟಿ ಅವರ ಕೈಯಲ್ಲೇ ಬರೆಸಿ. ಅವರಿಗೂ ಒಂದು ಟಿಕೆಟ್ ತೆಗೆಸಲು ಆಗುತ್ತದೆಯೇ ಎಂದು ನಿಮ್ಮ ತಂಡದಲ್ಲಿ ಇಂದೇ ಕೇಳಿ.